ಕಳ್ಳನೂ ಮೋಟುಬಾಲದ ಕೋಳಿಯೂ

ನನಗೆ ಹೆದರಿಕೆ ಕಡಿಮೆ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ನಮ್ಮ ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲವಲ್ಲ. ಓದಿದ್ದು ಮೂರನೇ ಕ್ಲಾಸು. ಗಂಡ ಹೋದ ಮೇಲೆ ಎರಡು ಹಸು ಕಟ್ಟಿಕೊಂಡು, ಬೆಳಗಿನ ಜಾವ ಕ್ಯಾನು ಹಿಡಿದು ಡೇರಿಗೆ ನಡೆಯುತ್ತಲೇ ಇದ್ದೇನೆ. ಗಂಡ ಇದ್ದಾಗಲೂ ನಾನೇ ನಡೆಯುತ್ತಿದ್ದೆ, ಅದು ಬೇರೆ ಮಾತು. ದಾರಿಯಲ್ಲಿ ನಾಲ್ಕು ಜನ ಸಿಗುತ್ತಾರೆ, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು ಎಂದು ತಿಳಿಯುತ್ತದೆ. ಆ ನಡಿಗೆ ತಪ್ಪಿದರೆ ನನಗೆ ಬೆಳಗೇ ಆಗುವುದಿಲ್ಲ.

ಅದಕ್ಕೇ ಈ ಟಿವಿಯವರು ಕಲ್ಲು ಹಾಕಿದರು. ಎಲ್ಲೋ ಬೈಕಿನವನೊಬ್ಬ ಹೆಂಗಸಿನ ಸರ ಕಿತ್ತನಂತೆ. ಒಂದು ಚಾನೆಲ್ಲಿನವರು ಸೂಲಿಬೆಲೆ ಕಡೆ ಅಂದರು, ಇನ್ನೊಂದರವರು ದೇವನಹಳ್ಳಿ ಕಡೆ ಅಂದರು. ಬೆಳಿಗ್ಗೆ ತೋರಿಸಿದರು, ಊಟದ ಹೊತ್ತಿಗೆ ತೋರಿಸಿದರು, ಸಂಜೆ ಕೆಂಪು ಗೆರೆ ಸುತ್ತಿ, ಡೋಲು ಬಡಿದು ತೋರಿಸಿದರು. ಮೂರು ದಿನ ಕಳೆಯುವಷ್ಟರಲ್ಲಿ ನಮ್ಮೂರ ಬಾಯಲ್ಲಿ ಹನ್ನೆರಡು ಸರ ಹೋಗಿದ್ದವು. ಡೇರಿ ಅಂಗಳದಲ್ಲಿ ಸಭೆ ಸೇರಿತು. ಸೆಕ್ರೆಟರಿ ಕೆಂಪಣ್ಣ ಎದ್ದು, "ಎಲ್ಲಾ ಕಡೆ ಕಳ್ರು ಜಾಸ್ತಿಯಾಗವ್ರೆ. ಇನ್ಮೇಲೆ ವಯಸ್ಸಾದ ಹೆಂಗಸ್ರು ಕತ್ಲಲ್ಲಿ ಹಾಲು ತರೋದು ಬೇಡ, ಗಂಡಸ್ರು ತರ್ಲಿ" ಎಂದ. ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ನನ್ನ ಮಗ ಮಂಜ. ಎಂಟಕ್ಕೆ ಮುಂಚೆ ಎದ್ದೇ ಗೊತ್ತಿಲ್ಲದ ಗಂಡಸು!

ನಾನು ಎದ್ದೆ. "ಲೋ ಕೆಂಪ, ಟಿವೀಲಿ ಬೈಕ್ ಬರೋಕ್ ಮುಂಚೆ ಒಂದು ಕೋಳಿ ರಸ್ತೆ ದಾಟ್ತದೆ, ನೋಡಿದ್ಯಾ?"

"ಕಳ್ಳನ್ನ ನೋಡು ಅಂತ ತೋರ್ಸಿದ್ರೆ ನೀನು ಕೋಳಿ ನೋಡಿದ್ಯಾ ದೊಡ್ಡಮ್ಮ?"

"ಹೂಂ ಕಣೋ. ಮೋಟು ಬಾಲ, ಒಂದು ಕಾಲು ಕುಂಟು. ಸೂಲಿಬೆಲೇಲೂ ಅದೇ ಕೋಳಿ, ದೇವನಹಳ್ಳೀಲೂ ಅದೇ ಕೋಳಿ. ಕುಂಟು ಕೋಳಿ ಅಷ್ಟು ದೂರ ನಡೀತದೇನೋ? ಕಳ್ಳ ಒಬ್ಬ, ಸರ ಒಂದು. ನಮ್ಮೂರಲ್ಲಿ ಯಾರದ್ದಾದ್ರೂ ಹೋಗೈತಾ, ಹೇಳ್ರಪ್ಪ. ಆ ತಿರುವಲ್ಲಿ ದೀಪ ಇಲ್ದೆ ಚರಂಡಿಗೆ ಬಿದ್ದೋರು ಎಷ್ಟು ಜನ? ಅದು ಟಿವೀಲಿ ಬರ್ಲಿಲ್ಲ ಅಂತ ನಿಮ್ಗೂ ಕಾಣ್ಲಿಲ್ವಾ?"

ಚರಂಡಿಗೆ ಬಿದ್ದವರಲ್ಲಿ ಕೆಂಪಣ್ಣನೂ ಒಬ್ಬ. ಹೆಂಗಸರ ಸುದ್ದಿ ಅಲ್ಲಿಗೇ ಬಿಟ್ಟು ಪಂಚಾಯಿತಿಗೆ ದೀಪದ ಅರ್ಜಿ ಬರೆದರು. ಮೊದಲ ಸಹಿ ನನ್ನದು. ದೀಪವೂ ಬಂತು. ಊರೆಲ್ಲ ನನ್ನನ್ನು ಹೊಗಳಿತು, ನಾನೂ ತಡೆಯಲಿಲ್ಲ.

ದೀಪ ಹತ್ತಿದ ಮಾರನೆಯ ಬೆಳಿಗ್ಗೆ ತಲೆ ಎತ್ತಿಕೊಂಡು ಆ ತಿರುವು ದಾಟುತ್ತಿದ್ದೆ. ಹಿಂದಿನಿಂದ ಬೈಕು ಬಂತು. ನನ್ನನ್ನು ಕೇಳದೆಯೇ ಕೈ ಹೋಗಿ ಕೊರಳ ಸರವನ್ನು ಅವುಚಿ ಹಿಡಿಯಿತು. ಬೈಕು ಪಕ್ಕದಲ್ಲಿ ತಂದು ನಿಲ್ಲಿಸಿದವನು ಡೇರಿ ಬಾಗಿಲು ತೆಗೆಯಲು ಹೊರಟ ಕೆಂಪಣ್ಣ. ಹೊಸ ದೀಪದಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು.

"ಯಾಕ್ ದೊಡ್ಡಮ್ಮ, ಕತ್ತು ಹಿಡ್ಕೊಂಡಿದ್ದೀಯ?"

"ಉಳುಕೈತೆ ಕಣೋ."

ಪಾಪ, ನಂಬಿದ. ಡೇರಿಯಲ್ಲಿ ಎಲ್ಲರಿಗೂ ಹೇಳಿಯೂ ಬಿಟ್ಟ. ಮೂರು ಮನೆಯವರು ಎಣ್ಣೆ ಕೊಟ್ಟು ಹೋಗಿದ್ದಾರೆ. ನಾಲ್ಕು ದಿನದಿಂದ ಕತ್ತು ವಾಲಿಸಿಕೊಂಡೇ ಹಾಲು ಹಾಕಿ ಬರುತ್ತಿದ್ದೇನೆ. ಈಗ ನಿಜವಾಗಿಯೂ ನೋಯುತ್ತಿದೆ.