ಎಳೆದು ನೋಡಿದ ಹೆರಳು

ನಮ್ಮ ಕಡೆಯ ಗಂಡಸರಲ್ಲಿ ಒಂದು ನಂಬಿಕೆಯಿದೆ. ಹೆಂಗಸಿನ ಕೂದಲು ಎಷ್ಟು ಉದ್ದವೋ ಗಂಡ ಹೆಂಡಿರ ಪ್ರೀತಿಯೂ ಅಷ್ಟೇ ಉದ್ದ ಎಂದು. ಇದನ್ನು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ದಿನಾ ಬೆಳಿಗ್ಗೆ ಆ ಕೂದಲನ್ನು ಬಾಚಿಕೊಳ್ಳಬೇಕಾದವರಂತೂ ಖಂಡಿತ ಅಲ್ಲ. ನಾನೂ ನಲವತ್ತೆಂಟು ವರ್ಷ ಇದನ್ನೇ ನಂಬಿ ಬದುಕಿದೆ. ಹತ್ತನೇ ಇಯತ್ತೆ ಪಾಸಾದವನು ನಾನು. ಸಾಲೆಯಲ್ಲಿ ಇಂಥದ್ದನ್ನೆಲ್ಲ ಕಲಿಸಲಿಲ್ಲ ಎಂದು ಜಾರಿಕೊಳ್ಳಬಹುದಿತ್ತು. ಆದರೆ ತಪ್ಪು ಒಪ್ಪಿಕೊಳ್ಳಲು ಕುಳಿತವನು ಸತ್ತುಹೋದ ಮಾಸ್ತರರ ಮೇಲೆ ಹೊರೆ ಹಾಕಬಾರದು.

ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವುದು, ಮತ್ತೆ ಮಡಿಚಿಡುವುದು ನನ್ನ ಕೆಲಸವಾಗಿತ್ತು. ನೌಕರಿ ಗಟ್ಟಿಯಾದ ಮೇಲೆ ಕಮತಗಿಗೆ ಕನ್ಯೆ ನೋಡಲು ಹೋದೆವು. ಆಗಿನ ಪದ್ಧತಿ ಹೀಗಿತ್ತು: ಹುಡುಗಿ ಚಹಾ ಕೊಟ್ಟು ನಮಸ್ಕಾರ ಮಾಡಿದ ಮೇಲೆ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬಳು ಎದ್ದು ಹೋಗಿ ಅವಳ ಹೆರಳನ್ನು ಹಿಡಿದು ಎಳೆಯಬೇಕು. ಚೌರಿ ಸೇರಿಸಿ ಉದ್ದ ಮಾಡಿದ್ದರೆ ಅದು ಕೈಗೆ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ನಮ್ಮ ಕಡೆಯಿಂದ ಈ ಕೆಲಸಕ್ಕೆ ಬಂದವಳು ನನ್ನ ಸೋದರತ್ತೆ ನೀಲವ್ವ. ಬಾವಿಯಿಂದ ಕೊಡ ಸೇದಿ ಸೇದಿ ಗಟ್ಟಿಯಾದ ಕೈ ಅವಳದು. ಅದೇ ಉಮೇದಿನಲ್ಲಿ ಎಳೆದಳು. ಹುಡುಗಿಯ ತಲೆ ಹಿಂದಕ್ಕೆ ಬಾಗಿತು, ಕಣ್ಣಲ್ಲಿ ನೀರು ಬಂತು, ಹೆರಳು ಮಾತ್ರ ಬರಲಿಲ್ಲ. "ಖರೇ ಕೂದಲಾನ ಐತಿ, ಮೊಣಕಾಲ ಮಟ ಐತಿ," ಎಂದು ಅತ್ತೆ ತೀರ್ಪು ಕೊಟ್ಟಳು. ನಾನು ನಕ್ಕೆ. ಆ ನಗುವನ್ನೇ ಒಪ್ಪಿಗೆ ಎಂದು ತಿಳಿದು ಹಿರಿಯರು ಎಲೆ ಅಡಿಕೆ ಬದಲಾಯಿಸಿದರು. ಗಂಗವ್ವ ನನ್ನ ಹೆಂಡತಿಯಾದಳು.

ನಿಜ ಹೇಳಬೇಕೆಂದರೆ ನಾನು ಮದುವೆಯಾದದ್ದು ಕೂದಲನ್ನು. ಗಂಗವ್ವ ಅದರ ಜೊತೆಗೆ ಬಂದಳು. ಮದುವೆಯಾದ ಹೊಸದರಲ್ಲಿ ಮಹಾಕೂಟಕ್ಕೆ ಹೋದಾಗ ಅವಳು ಹೊಂಡದಲ್ಲಿ ಮಿಂದು, ಮೆಟ್ಟಿಲ ಮೇಲೆ ಕೂದಲು ಹರವಿಕೊಂಡು ಕುಳಿತಳು. ಅದು ಒಣಗುವುದರಲ್ಲಿ ಬಾದಾಮಿಯ ಎರಡು ಬಸ್ಸು ಹೋದವು. ಹೋಗಿಬರುವ ಹೆಂಗಸರು ನಿಂತು ನೋಡುತ್ತಿದ್ದರು, ನಾನು ನೋಡುವವರನ್ನು ನೋಡುತ್ತಿದ್ದೆ. ಮನೆಗೆ ಬಂದ ಮೇಲೆ ಅವಳಿಗೆ ನಾಲ್ಕು ದಿನ ನೆಗಡಿ, ಜ್ವರ. ನಾನು ನಾಲ್ಕೂ ದಿನ ಅಂಗಡಿಯಲ್ಲಿ, ಯಾರು ಹೇಗೆ ಬೆರಗಾದರು ಎಂದು ವರ್ಣಿಸುತ್ತಿದ್ದೆ. ಮೂವತ್ತಾರಕ್ಕೆಲ್ಲ ನನ್ನ ತಲೆ ಬೋಳಾಗಿ ಬಿಳಿ ಟೊಪ್ಪಿಗೆ ಬಂದು ಕೂತಿತು. ಆಗಲೂ ಮನೆಯಲ್ಲಿ ಕೂದಲಿಗೇನು ಕಡಿಮೆ ಎಂದು ಅವಳದನ್ನೇ ತೋರಿಸುತ್ತಿದ್ದೆ.

ಹೋದ ವರ್ಷ ಗಂಗವ್ವನ ಬಲಭುಜ ಹಿಡಿದುಕೊಂಡಿತು. ಕೈ ಕಿವಿಯ ಮೇಲಕ್ಕೆ ಏಳದು. ದವಾಖಾನೆಗೆ ಹೋಗಿಬಂದ ದಿನ ಅವಳೆಂದಳು: "ಇನ್ನ ನನಗ ಈ ತಲಿ ಹಿಕ್ಕೊಳ್ಳೋದು ಆಗೂದಿಲ್ರಿ. ಕುತ್ತಿಗಿ ಮಟ ಕತ್ತರಿಸಿಕೊಂಡ ಬಿಡ್ತೇನಿ."

ನಾನು ಕೂಡಲೇ ತಡೆದೆ. "ಮುತ್ತೈದಿ ಆಗಿ ಕೂದಲಾ ತಗಸ್ತಾರೇನು? ಮಂದಿ ಏನಂದಾರು?"

"ಮಂದಿ ಬಂದು ತಲಿ ಹಿಕ್ತಾರೇನು?"

ಸೊಸೆ ರೇಖಾ ಒಳಗಿನಿಂದ ನಕ್ಕಳು. ಅವಳ ಕೂದಲು ಭುಜ ಮುಟ್ಟುವಷ್ಟೂ ಇಲ್ಲ. ಕತ್ತರಿಸಿಕೊಂಡು ಬಂದ ದಿನ "ಕೂದಲಾ ಮೊಟಕ ಆದ್ರ ಗಂಡನ ಮನಸ್ಸೂ ಮೊಟಕ ಆಕ್ಕೈತಿ" ಎಂದು ಎಚ್ಚರಿಸಿದವನು ನಾನೇ. ನನ್ನ ಮಗ ಇಂದಿಗೂ ದಿನಾ ಬೆಳಿಗ್ಗೆ ಅವಳಿಗೆ ಚಹಾ ಮಾಡಿಕೊಡುತ್ತಾನೆ. ಮೊಣಕಾಲುದ್ದ ಕೂದಲಿನವಳಿಗೆ ನಾನು ಒಂದು ದಿನವೂ ಒಲೆ ಹಚ್ಚಿದವನಲ್ಲ. ಆದರೆ ಸಿದ್ಧಾಂತ ಇಟ್ಟುಕೊಂಡವನಿಗೆ ಕಣ್ಣೆದುರಿನ ಸಾಕ್ಷಿ ಕಾಣುವುದಿಲ್ಲ. ಕತ್ತರಿಸುವುದು ಬೇಡವೇ ಬೇಡ ಎಂದೆ. ಗಂಗವ್ವ ವಾದ ಮಾಡಲಿಲ್ಲ. ಬಾಚುವ ಹಣಿಗೆ ತಂದು ನನ್ನ ಕೈಯಲ್ಲಿಟ್ಟು, ಬೆನ್ನು ಮಾಡಿ ಕುಳಿತಳು. "ಹಂಗಾರ ನೀವ ಹಿಕ್ರಿ. ರೇಖಾ, ನೀ ಕೈ ಹಚ್ಚಬ್ಯಾಡ."

ಕೂದಲನ್ನು ದೂರದಿಂದ ನೋಡುವುದು ಬೇರೆ, ಹತ್ತಿರದಿಂದ ಸಾಕುವುದು ಬೇರೆ. ಬಿಚ್ಚುವುದಕ್ಕೆ ಅರ್ಧ ತಾಸು, ಸಿಕ್ಕು ಬಿಡಿಸುವುದಕ್ಕೆ ಇನ್ನರ್ಧ ತಾಸು. ಮೇಲಿನಿಂದ ಬಾಚಿದರೆ ಕೆಳಗೆ ಗಂಟು, ಕೆಳಗಿನಿಂದ ಬಾಚಿದರೆ ನನ್ನ ಸೊಂಟಕ್ಕೆ ಗಂಟು. ಎರೆದುಕೊಂಡ ದಿನ ನಮ್ಮೂರ ಸವಳು ನೀರಿಗೆ ಕೂದಲು ಕತ್ತದ ಹಗ್ಗವಾಗುತ್ತಿತ್ತು. ಆವತ್ತು ಅವಳು ಒದ್ದೆ ಭಾರಕ್ಕೆ ಕುತ್ತಿಗೆ ಹಿಡಿದುಕೊಂಡು ಕೂರುವುದನ್ನು ಮೊದಲ ಸಲ ಕಂಡೆ. ಮೊದಲ ಸಲ ಎಂದರೆ ನೋಡಿದ್ದು ಮೊದಲ ಸಲ. ಅವಳು ಹಾಗೆ ಕೂರುತ್ತ ಬಂದು ಎಷ್ಟು ವರ್ಷವಾಗಿತ್ತೋ.

ಹದಿನೈದು ದಿನ ಕಳೆದಿರಬೇಕು. ಒಂದು ಗಂಟು ಬಿಡಲೊಲ್ಲದು. ಸಿಟ್ಟಿನಿಂದ ಜಗ್ಗಿದೆ. ತಲೆ ಹಿಂದಕ್ಕೆ ಬಾಗಿತು.

"ನೀಲವ್ವತ್ತೀನೂ ಹಿಂಗ ಎಳದಿದ್ರು," ಎಂದಳು ಗಂಗವ್ವ, ತಿರುಗಿ ನೋಡದೆ. "ನೀವು ನಗಾಕತ್ತಿದ್ರಿ."

"ಇನ್ನೂ ನೆನಪೈತೇನು?"

"ಎಳಸಿಕೊಂಡಾಕಿ ನಾನ ಅಲ್ಲೇನ್ರಿ?"

ಹಣಿಗೆ ಕೈಯಲ್ಲೇ ನಿಂತಿತು. ಅಂಗಡಿಯಲ್ಲಿ ಗಿರಾಕಿಗಳು ಸೆರಗನ್ನು ಹೀಗೆಯೇ ಜಗ್ಗಿ ನೋಡಲು ಹೋದರೆ ನಾನು ಕೈ ಅಡ್ಡ ಹಿಡಿಯುತ್ತಿದ್ದೆ. "ಎಳೀಬ್ಯಾಡ್ರಿ ಅಕ್ಕಾರ, ರೇಷ್ಮಿ ಐತಿ, ಎಳಿ ಬಿಡ್ತಾವ," ಎನ್ನುತ್ತಿದ್ದೆ. ಮಾಲೀಕರ ಸೀರೆಗೆ ಮೂವತ್ತೆಂಟು ವರ್ಷ ಅಡ್ಡ ಹಿಡಿದ ಕೈ ಕಮತಗಿಯಲ್ಲಿ ಚಹಾದ ಬಸಿ ಹಿಡಿದುಕೊಂಡು ಸುಮ್ಮನೆ ಕೂತಿತ್ತು. ಸುಮ್ಮನೆ ಕೂತಿದ್ದರೂ ನಡೆಯುತ್ತಿತ್ತು, ನಗದೆ ಇದ್ದಿದ್ದರೆ.

ಮರುದಿನ ನಾನೇ ಹೇಳಿದೆ: "ನಡಿ, ಕತ್ತರಿಸಿಕೊಂಡ ಬರೂಣು." ನನ್ನ ಅಪ್ಪಣೆಗೆ ಅವಳೇನೂ ಕಾಯುತ್ತಿರಲಿಲ್ಲ, ರೇಖಾ ಆಗಲೇ ಬಾಗಲಕೋಟೆಯ ಬ್ಯೂಟಿ ಪಾರ್ಲರಿನಲ್ಲಿ ಹೊತ್ತು ಗೊತ್ತುಮಾಡಿದ್ದಳು. ಅಲ್ಲಿಯ ಹುಡುಗಿ ನಾಲ್ಕು ಸಲ ಕತ್ತರಿ ಆಡಿಸಿದಳು, ಮುಗಿಯಿತು. ಕತ್ತರಿಸಿದ ಹೆರಳನ್ನು ಕಾಗದದಲ್ಲಿ ಸುತ್ತಿ, "ಅಜ್ಜಾರ, ಒಯ್ತೀರೇನ್ರಿ?" ಎಂದಳು. ನಾನು ಎರಡೂ ಕೈಯಿಂದ ಇಸಿದುಕೊಂಡೆ. ಗಂಗವ್ವ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಯಾರೋ ತಲಿ ಮ್ಯಾಲಿನ ಹೊರಿ ಇಳಿಸಿದಂಗ ಆತು," ಎಂದಳು. ಮುಖ ಹತ್ತು ವರ್ಷ ಚಿಕ್ಕದಾಗಿ ಕಂಡಿತು. ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಕೂದಲನ್ನು ಹೊಗಳಿ ರೂಢಿಯಾದ ಬಾಯಿ ಅದು.

ಮನೆಗೆ ಬಂದು ಕಾಗದದ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಗಂಗವ್ವ ಎದುರಿಗೆ ಬಂದು ನಿಂತಳು. "ಅಷ್ಟ ಪ್ರೀತಿ ಇದ್ರ ನಿಮ್ಮ ತಲೀಗೇ ಕಟ್ಟಿಕೊಳ್ರಿ. ಜಾಗಾ ಭಾಳ ಐತಿ."

ನಾನು ಟೊಪ್ಪಿಗೆ ತೆಗೆದು ತಲೆ ಸವರಿಕೊಂಡೆ. ಇಷ್ಟು ವರ್ಷ ಕೇಳದ ಮಾತೊಂದು ಆಗ ಹೊರಬಿತ್ತು. "ನನ್ನ ಕೂದಲಾ ಹೋದಾಗ ನಿನಗ ಏನೂ ಅನಿಸಲಿಲ್ಲೇನು?"

"ಅನಿಸಿ ಏನ್ ಮಾಡೂದ್ರಿ," ಎಂದಳು. "ನೋಡಾಕ ಬಂದ ದಿನ ನಮ್ಮ ಮಂದೀನೂ ನಿಮ್ಮ ತಲಿ ಒಂದಿಷ್ಟ ಎಳದ ನೋಡಿದ್ರ ಅವತ್ತ ಗೊತ್ತಾಗತಿತ್ತು."

ರೇಖಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಗಂಗವ್ವನೂ ನಕ್ಕಳು. ನಾನು ಮಾತ್ರ ನಗಲಿಲ್ಲ. ನನ್ನ ಪಾಲಿನ ನಗುವನ್ನು ಕಮತಗಿಯಲ್ಲೇ ನಕ್ಕು ಮುಗಿಸಿದ್ದೆ.