ಮುರಿದ ರೊಟ್ಟಿ ಯಾರ ಖರ್ಚು

ಹೆಂಚಿನ ಮೇಲೆ ಜೋಳದ ರೊಟ್ಟಿ ಬೇಯುವ ವಾಸನೆಗೆ ಮನುಷ್ಯನನ್ನು ಕೂತಲ್ಲೇ ತೇಲಿಸಿಕೊಂಡು ಹೋಗುವ ಗುಣವಿದೆ. ವ್ಯಾಪಾರ ಮಾಡುವವನಿಗೆ ಅದು ಒಳ್ಳೆಯದಲ್ಲ. ವಿಜಯನಗರದ ನಮ್ಮ ರೊಟ್ಟಿ ಅಂಗಡಿಯ ಗಲ್ಲಾದ ಹಿಂದೆ ಕೂತು ನಾನು ದಿನವೂ ಹೀಗೆ ತೇಲುತ್ತಿರುತ್ತೇನೆ. ಯಾರಾದರೂ ಮೇಜು ತಟ್ಟಿ, "ಅಂಕಲ್, ಚಿಲ್ರೆ" ಎಂದಾಗ ದಡ ಸೇರುತ್ತೇನೆ. ಅಂಗಡಿ ನನ್ನದಲ್ಲ, ನನ್ನ ಹೆಂಡತಿ ಗಿರಿಜೆಯದು. ಹೋದ ವರ್ಷ ಅವಳು ತೀರಿಕೊಂಡಳು. ಬಾಗಿಲು ಮುಚ್ಚಿದರೆ ಅವಳು ಇನ್ನೊಂದು ಸಲ ಹೋದ ಹಾಗಾಗುತ್ತದೆ ಎನ್ನಿಸಿ ನಾನು ಬಂದು ಕೂತೆ. ಆಗ ನನಗೆ ಬರುತ್ತಿದ್ದ ಕೆಲಸ ಶಟರ್ ಎತ್ತುವುದೊಂದೇ.

ಅಕ್ಕನ ಮಗ ಪ್ರಶಾಂತ ಲೆಕ್ಕಪತ್ರ ಓದಿದವನು, ಕೆಂಗೇರಿ ಉಪನಗರದಲ್ಲಿದ್ದಾನೆ. ಒಂದು ಭಾನುವಾರ ಬಂದು ಎಲ್ಲ ನೋಡಿ, "ಮಾವ, ಹಿಟ್ಟು, ಗ್ಯಾಸು ಎಲ್ಲ ಕೈ ಮೀರ್ತಾ ಇದೆ. ಹೀಗೇ ಆದ್ರೆ ದೀಪಾವಳಿಗೆ ಅಂಗಡಿ ಬೇರೆಯವ್ರಿಗೆ ಕೊಟ್ಬಿಡಿ" ಅಂದ. ಉಪಾಯವನ್ನೂ ಅವನೇ ಹೇಳಿದ. "ಒಂದೊಂದು ಖರ್ಚನ್ನೂ ಒಬ್ಬೊಬ್ಬರ ಹೆಸರಿಗೆ ಹಾಕಿ. ಕಡಿಮೆ ಮಾಡೋದು ಯಾರ ಕೈಲಿದೆಯೋ ಅವರನ್ನ ಮಾತ್ರ ಕೇಳಿ. ಕೈಲಿಲ್ಲದ್ದಕ್ಕೆ ಯಾರನ್ನೂ ಬಯ್ಬೇಡಿ."

"ಬಾಡಿಗೆ?"

"ಅದು ಓನರ್ ಕೈಲಿದೆ, ಬಿಡಿ."

"ಮತ್ತೆ ನನ್ನ ಕೈಲಿ ಏನಿದೆಯಪ್ಪ?"

ಅವನು ಮೊಬೈಲ್ ನೋಡಿಕೊಂಡ.

ಕೈಲಿಲ್ಲದ್ದಕ್ಕೆ ಬಯ್ಯಬಾರದು ಎಂಬ ಮಾತು ನನಗೆ ತುಂಬ ಹಿಡಿಸಿತು. ಗಿರಿಜೆಯನ್ನು ನೋಡಲು ಆಸ್ಪತ್ರೆಗೆ ಬಂದವರೆಲ್ಲ "ಮುಂಚೇನೇ ತೋರಿಸಬಾರದಿತ್ತಾ" ಎಂದು ನನ್ನನ್ನು ಕೇಳುತ್ತಿದ್ದ ದಿನಗಳಲ್ಲಿ ಈ ಹುಡುಗ ಇದನ್ನು ಹೇಳಬೇಕಿತ್ತು. ಅದನ್ನೇ ಮೆಲುಕು ಹಾಕುತ್ತ ಅವತ್ತು ನನ್ನ ಸ್ಟಾಪ್ ಬಿಟ್ಟು ಬ್ಯಾಡರಹಳ್ಳಿಯವರೆಗೂ ಬಸ್ಸಿನಲ್ಲಿ ಹೋಗಿಬಿಟ್ಟೆ.

ಅಂಗಡಿಯಲ್ಲಿ ಕೆಲಸಕ್ಕೆ ಇಬ್ಬರು. ಗದಗದ ಕಡೆಯ ಶಂಕ್ರವ್ವ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಾಳೆ. ಹೇರೋಹಳ್ಳಿಯ ಜಯಮ್ಮ ನೀರು ಕಾಯಿಸಿ ಕೊಡುತ್ತಾಳೆ, ರೊಟ್ಟಿ ಬೇಯಿಸುತ್ತಾಳೆ. ಹಿಟ್ಟನ್ನು ಶಂಕ್ರವ್ವನ ಹೆಸರಿಗೂ ಗ್ಯಾಸನ್ನು ಜಯಮ್ಮನ ಹೆಸರಿಗೂ ಹಾಕಿದೆ. ವಾರದೊಳಗೆ ಗ್ಯಾಸು ಉಳಿಯತೊಡಗಿತು. ಹೆಮ್ಮೆಯಿಂದ ಪ್ರಶಾಂತನಿಗೆ ಫೋನ್ ಮಾಡಿದೆ. ಫೋನ್ ಇಡುವಷ್ಟರಲ್ಲಿ ಒಳಗೆ ಜಗಳ ಶುರುವಾಗಿತ್ತು.

ಜೋಳದ ಹಿಟ್ಟಿಗೆ ಕುದಿಯುವ ನೀರೇ ಬೀಳಬೇಕು, ಇಲ್ಲದಿದ್ದರೆ ಅಂಟು ಬರುವುದಿಲ್ಲ. ಜಯಮ್ಮ ಗ್ಯಾಸು ಉಳಿಸಲು ನೀರನ್ನು ಅರ್ಧ ಕಾದಾಗಲೇ ಇಳಿಸುತ್ತಿದ್ದಳು. ರೊಟ್ಟಿಯ ಅಂಚು ಬಿರಿದು, ಎತ್ತಿದರೆ ಮೂರು ಚೂರು.

"ನೀರು ಕುದಸವ್ವಾ ಅಂದ್ರ ಬೆಚ್ಚಗ ಮಾಡಿ ಕೊಡ್ತಾಳ್ರಿ ಈಕಿ! ಇದೇನು ಕೂಸಿಗೆ ಎರಿಯೂದೇನ್ರಿ?"

"ಗ್ಯಾಸು ನನ್ ಹೆಸ್ರಲ್ಲೈತೆ ಕಣಕ್ಕ, ಹಿಟ್ಟು ನಿನ್ ಹೆಸ್ರಲ್ಲೈತೆ. ನಿಂದು ನೀನ್ ನೋಡ್ಕೋ."

ಇಬ್ಬರೂ ತಮ್ಮ ತಮ್ಮ ಪಾಲನ್ನು ಚೆನ್ನಾಗಿಯೇ ಕಾಪಾಡಿಕೊಂಡಿದ್ದರು. ಹಾಳಾಗಿದ್ದು ರೊಟ್ಟಿ ಮಾತ್ರ. ಕೊನೆಗೆ ಇಬ್ಬರೂ ನನ್ನತ್ತ ತಿರುಗಿದರು. ಶಂಕ್ರವ್ವ ಕೇಳಿದಳು: "ಮುರಿದದ್ದು ಯಾರ ಖರ್ಚು, ಹೇಳ್ರಿ ಯಜಮಾನ್ರ. ಅಕ್ಕಾರು ಇದ್ದಾಗ ಯಾರ ಹೆಸರಿಗಿತ್ರಿ?"

ಗಿರಿಜೆ ಇದ್ದಾಗ ಯಾರ ಹೆಸರಿಗೂ ಏನೂ ಇರಲಿಲ್ಲ. ನೀರು ಕಾಯಿಸುತ್ತಿದ್ದವಳೂ ಅವಳೇ, ನಾದಿ ಕೊಡುತ್ತಿದ್ದವಳೂ ಅವಳೇ. ಆ ಆವಿಯಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತಿದ್ದುದು ನೆನಪಾಗಿ ನಾನು ಮತ್ತೆ ತೇಲಿದೆ. "ಸಾರ್!" ಎಂದಳು ಜಯಮ್ಮ. ಅವಸರದಲ್ಲಿ, "ಎರಡೂ ಇಬ್ಬರ ಹೆಸರಿಗೂ ಇರಲಿ" ಎಂದುಬಿಟ್ಟೆ.

ಜಾಣತನದಿಂದಲ್ಲ, ದಿಕ್ಕು ತೋಚದೆ ಹೇಳಿದ್ದು. ಆದರೂ ಮರುದಿನ ನೀರು ಕೊತಕೊತ ಕುದಿಯಿತು. ಹಿಟ್ಟು ನಾದುವ ಮೊದಲೇ ಹೆಂಚು ಕಾಯಲು ಇಟ್ಟು ಗ್ಯಾಸು ಸುಡುವುದು ತಾನಾಗಿ ನಿಂತಿತು. ತಿಂಗಳ ಕೊನೆಗೆ ಪ್ರಶಾಂತ ಬಂದು ಲೆಕ್ಕ ನೋಡಿ, "ಅಂಗಡಿ ಇರ್ಲಿ ಮಾವ, ಕೊಡೋದೇನೂ ಬೇಡ" ಅಂದ.

ಆದರೆ ಖರ್ಚು ಹುಡುಕುವ ರುಚಿ ಇಬ್ಬರಿಗೂ ಹತ್ತಿಬಿಟ್ಟಿತ್ತು. ಒಂದು ಸಂಜೆ ನಾನು ಮನೆಗೆ ಒಯ್ಯುವ ರೊಟ್ಟಿಯ ಪೊಟ್ಟಣ ಕಟ್ಟುತ್ತ ಜಯಮ್ಮ ಕೇಳಿದಳು. "ಸಾರ್, ಮನೇಲಿ ನೀವೊಬ್ರೇ. ದಿನಾ ನಾಲ್ಕು ಯಾಕೆ? ಎರಡು ಸಾಕಲ್ವಾ? ಇದನ್ನ ಯಾರ ಹೆಸ್ರಿಗೆ ಹಾಕೋದು?"

ಶಂಕ್ರವ್ವ ಅವಳ ತೋಳು ಚಿವುಟಿದಳು. "ಸುಮ್ಕಿರ. ಅಕ್ಕಾರ ಪಾಲು ಅದು. ಕಡಿಮೆ ಮಾಡೂದು ಅವರ ಕೈಯಾಗ ಐತೇನ?"

ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಪೊಟ್ಟಣ ತೆಗೆದುಕೊಂಡು ಹೊರಟೆ.

ಮನೆಯಲ್ಲಿ ಎರಡು ತಟ್ಟೆ ಹಾಕುತ್ತೇನೆ, ಅದು ನಿಜ. ಅವಳ ತಟ್ಟೆಗೂ ಎರಡು ರೊಟ್ಟಿ ಹಾಕಿ, ಎದುರಿಗೆ ಕೂತು, ಅಂಗಡಿಯಲ್ಲಿ ಏನೇನಾಯಿತೆಂದು ಮನಸ್ಸಿನಲ್ಲೇ ಹೇಳುತ್ತೇನೆ. ಆರಿದ ರೊಟ್ಟಿ ಅವಳಿಗೆ ಆಗುತ್ತಿರಲಿಲ್ಲ. ಹಾಗಾಗಿ ಆರುವ ಮೊದಲೇ ಆ ಎರಡನ್ನೂ ನಾನೇ ತಿಂದು ಮುಗಿಸುತ್ತೇನೆ. ದುಃಖದಲ್ಲಿ ಊಟ ಸೇರುವುದಿಲ್ಲ ಎನ್ನುತ್ತಾರೆ. ನನಗೆ ಮೊದಲಿಗಿಂತ ಚೆನ್ನಾಗಿ ಸೇರುತ್ತಿದೆ. ಇದನ್ನು ಅವರಿಬ್ಬರಿಗೂ ಹೇಳಿಬಿಡಬೇಕೆಂದು ನಿನ್ನೆ ಗಟ್ಟಿ ಮನಸ್ಸು ಮಾಡಿದೆ. ಅಷ್ಟರಲ್ಲಿ ಜಯಮ್ಮ ಪೊಟ್ಟಣದೊಳಗೆ ಒಂದು ಉಂಡೆ ಬೆಣ್ಣೆ ಇಟ್ಟು, "ಅಕ್ಕಂಗೆ" ಅಂದಳು.

ಬೆಣ್ಣೆ ಚೆನ್ನಾಗಿತ್ತು.