ಮೌಲಾಸಾಬರು ಎಲ್ಲಿ ನಿಂತಿದ್ದರು?

ನೀರಿನ ವಿಷಯದಲ್ಲಿ ನನ್ನಷ್ಟು ಅಧಿಕಾರವಾಣಿಯಿಂದ ಮಾತನಾಡುವವರು ಆಳಂದದ ನಮ್ಮ ಓಣಿಯಲ್ಲಿ ಇನ್ನೊಬ್ಬರಿಲ್ಲ. ನನ್ನ ಮಾತು ಕೇಳದಿರುವುದು ನೀರೊಂದೇ. ಮೊದಮೊದಲು ಇದನ್ನು ಒಪ್ಪಿಕೊಳ್ಳಲು ಸಂಕೋಚವಾಗುತ್ತಿತ್ತು. ಈಗ ಮನೆಗೆ ಬಂದವರೆಲ್ಲ ಕಣ್ಣಾರೆ ಕಾಣುವುದರಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ನೆಲದ ಏರಿಳಿತ ಅಳೆಯುವುದೇ ನನ್ನ ನೌಕರಿ. ಆ ಜಂಬದಲ್ಲಿ, ಅಡುಗೆಮನೆಯ ಮೂಲೆಯ ಬಚ್ಚಲಿಗೆ ಶಹಾಬಾದಿ ಕಲ್ಲು ಹಾಸಿಸುವಾಗ ಗೌಂಡಿಯನ್ನು ಪಕ್ಕಕ್ಕೆ ಸರಿಸಿ, ಇಳಿಜಾರನ್ನು ನಾನೇ ಗೊತ್ತುಮಾಡಿದೆ. ಅಂದಿನಿಂದ ನಮ್ಮ ಬಚ್ಚಲಿನ ನೀರು ಮೋರಿಗೆ ಬೆನ್ನು ತಿರುಗಿಸಿ ನೇರ ಒಲೆಯ ಕಡೆಗೆ ಹೊರಡುತ್ತದೆ. "ಹೊಳಿಗಿ ದಾರಿ ತೋರ್ಸೋರು ನೀವು. ಒಂದ್ ತಂಬಿಗಿ ನೀರಿಗಿ ದಾರಿ ತೋರ್ಸಾಕ ಆಗ್ಲಿಲ್ಲ ನೋಡ್ರಿ" ಎನ್ನುತ್ತ ಹೆಂಡತಿ ದಿನಾ ಬೆಳಿಗ್ಗೆ ನೆಲಕ್ಕೆ ಗೋಣಿಚೀಲ ಹಾಸುತ್ತಾಳೆ.

ಹೊಳೆಗೆ ದಾರಿ ತೋರಿಸಿದ ಕಥೆಯೂ ಅಷ್ಟೇನೂ ಘನವಾದದ್ದಲ್ಲ. ನಮ್ಮ ಕಚೇರಿಗೆ ಮೊದಲ ಕಂಪ್ಯೂಟರ್ ಬಂದ ಕಾಲ. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಸಾಹೇಬರ ಕೋಣೆಗೂ ಇಲ್ಲದ ಮರ್ಯಾದೆ. ಅಫಜಲಪುರದಿಂದ ಜೇವರ್ಗಿಯವರೆಗೆ ಭೀಮಾ ನದಿಗೆ ಮಹಾಪೂರ ಬಂದರೆ ನೀರು ಎಲ್ಲೆಲ್ಲಿಗೆ ಬರುತ್ತದೆಂದು ಅದು ಮೊದಲೇ ಹೇಳಬೇಕಾಗಿತ್ತು. ಕೆಲಸ ಕೇಳಲು ಸುಲಭ. ದಂಡೆಯ ಉದ್ದಕ್ಕೂ ಅಲ್ಲಲ್ಲಿ ನೆಲದ ಎತ್ತರ ಅಳೆಯುವುದು, ಅಳೆದ ಜಾಗಗಳನ್ನು ನಕ್ಷೆಯಲ್ಲಿ ಮೂರು ಮೂರಾಗಿ ಗೆರೆಯಿಂದ ಕೂಡಿಸುವುದು. ನದಿಯ ಮೇಲೆಲ್ಲ ತ್ರಿಕೋನಗಳ ಒಂದು ಬಲೆ ಸಿದ್ಧವಾಗುತ್ತದೆ. ನೀರು ಒಂದು ತ್ರಿಕೋನದಿಂದ ಇನ್ನೊಂದಕ್ಕೆ ಇಳಿಯುವ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ಬಲೆ ಹೆಣೆಯುವ ಭಾಗ್ಯ ನನ್ನದಾಯಿತು.

ಮೊದಲ ಸಲ ಲೆಕ್ಕ ಓಡಿಸಿದಾಗ ಭೀಮೆಯ ನಟ್ಟನಡುವೆ ಒಂದು ಗುಡ್ಡ ಎದ್ದು ನಿಂತಿತು. ನೀರು ಪಾಪ, ಅದಕ್ಕೆ ಪ್ರದಕ್ಷಿಣೆ ಹಾಕುತ್ತಿತ್ತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ತಿಳಿಯಿತು, ಒಂದು ಅಂಕಿಯಲ್ಲಿ ದಶಾಂಶ ಬಿಂದು ಬಿಟ್ಟುಹೋಗಿತ್ತು. ಬಿಂದು ಇಟ್ಟ ಕೂಡಲೇ ಗುಡ್ಡ ಕರಗಿತು. ಆಮೇಲೆ ಎಷ್ಟು ನೀರು ಬಿಟ್ಟರೂ ಭೀಮೆ ದಂಡೆ ದಾಟಲೇ ಇಲ್ಲ. ನಮ್ಮ ಮೇಲಧಿಕಾರಿಗಳಿಗೆ ಬಲು ಸಂತೋಷವಾಯಿತು. ಅಳತೆ ಶುರುಮಾಡಿದ ಕಲ್ಲಿಗೇ ಮರಳಿ ಬಂದು ಅಳೆದಾಗ ನನ್ನ ಪುಸ್ತಕದ ಅಂಕಿಗಳೂ ಕೂದಲೆಳೆ ವ್ಯತ್ಯಾಸವಿಲ್ಲದೆ ತಾಳೆಯಾಗಿದ್ದವು. ಅಫಜಲಪುರ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿಗೆ ಹೊಸ ಶಾಲೆ ಮಂಜೂರಾಗಿ, ದಂಡೆಯ ಹತ್ತಿರವೇ ಜಾಗ ಗೊತ್ತಾಗಿತ್ತು. ಅಲ್ಲಿಗೆ ನೀರು ಬರುವುದಿಲ್ಲವೆಂದು ನಾನು ಸಹಿ ಮಾಡುವುದೊಂದೇ ಬಾಕಿ.

ಸಹಿಯ ಮುಂಚೆ ಆ ಊರಿನ ಹೆಡ್ ಟೀಚರ್ ಗುರುಬಾಯಿ ಕಚೇರಿಗೆ ಬಂದರು. ಜೇವರ್ಗಿ ಕಡೆಯ ಹೆಣ್ಣುಮಗಳು, ಗಟ್ಟಿ ದನಿ. "ಮಿಷಿನ್ ಏನರೆ ಹೇಳ್ಲಿ ಸಾಹೇಬ್ರ, ಒಮ್ಮೆ ಬಂದು ನೋಡ್ರಿ" ಎಂದರು. ಹೋದೆ. ಶಾಲೆಯ ಜಾಗದ ಅಂಚಿಗೆ ಒಂದು ಬೇವಿನ ಮರ. ಅದರ ಬೊಡ್ಡೆಯಲ್ಲಿ ನನ್ನ ತೊಡೆಯ ಮಟ್ಟಕ್ಕೆ ಹಳೆಯ ಕೆಸರಿನ ಗೆರೆ.

"ನಿಮ್ಮ ನಕಾಶಿದಾಗ ಇದು ಒಣ ಜಾಗಾ ಅದ. ಈ ಗಿಡಕ್ಕ ಯಾರ್ ಹೇಳ್ಬೇಕ್ರಿ?" ಎಂದರು ಟೀಚರ್.

ಇದಕ್ಕೇ ನಾನು ಸಹಿ ಹಾಕಲಿದ್ದೆ. ಮಕ್ಕಳು ಕೂರುವ ಜಾಗ. ಸಿಟ್ಟು ಬಂದದ್ದು ಮಾತ್ರ, ನೌಕರರ ಪದ್ಧತಿಯಂತೆ, ಇನ್ನೊಬ್ಬರ ಮೇಲೆ. ಅಳತೆಯ ಕೋಲು ಹಿಡಿಯುತ್ತಿದ್ದವರು ನಿಂಬರ್ಗಾದ ಮೌಲಾಸಾಬರು. ನನಗಿಂತ ಹಿರಿಯರು, ಊರಲ್ಲಿ ಎರಡೆಕರೆ ತೊಗರಿ ಹೊಲದ ಒಡೆಯರು. ಕೋಲು ಓರೆ ಹಿಡಿದಿರಬೇಕು, ಬೀಡಿ ಸೇದುತ್ತ ಮೈಮರೆತಿರಬೇಕು ಎಂದೆಲ್ಲ ಮನಸ್ಸಿನಲ್ಲೇ ಅವರ ಮೇಲೆ ಖಟ್ಲೆ ಹೂಡಿದೆ. ಮರುದಿನ ಅಲ್ಲೇ ಅಳತೆಯ ದುರ್ಬೀನು ಹೂಡಿ, "ಮೌಲಾಸಾಬ, ಅವತ್ತ ಎಲ್ಲಿ ಹಿಡಿದಿದ್ರಿ ಅಲ್ಲೇ ಹಿಡೀರಿ" ಎಂದೆ.

ಆಗ ಸುಗ್ಗಿ ಮುಗಿದು ಹೊಲ ಬಟಾಬಯಲಾಗಿತ್ತು. ಮೌಲಾಸಾಬರು ಆ ಇಡೀ ಬಯಲನ್ನು ಬಿಟ್ಟು, ವಿಧೇಯರಾಗಿ ನಡೆದುಹೋಗಿ, ಹೊಲದಂಚಿನ ತೊಡೆಯೆತ್ತರದ ಒಡ್ಡನ್ನು ಹತ್ತಿ, ಅದರ ನೆತ್ತಿಯ ಮೇಲೆ ಕೋಲು ನಿಲ್ಲಿಸಿದರು. ನಾನು ಓಡಿದೆ.

"ಒಡ್ಡಿನ ಮ್ಯಾಲ ಯಾಕ್ ಹತ್ತೀರಿ?"

"ಅವತ್ತ ಇಲ್ಲೇ ನಿಂತಿದ್ದೆನ್ರಿ. ಎಲ್ಲಾ ಹೊಲದಾಗೂ ಹಂಗೇ ಮಾಡೇನಿ."

"ಹೊಲದಾಗ ಇಳೀಬೇಕಲ್ರಿ!"

ಮೌಲಾಸಾಬರು ನನ್ನನ್ನು ಕರುಣೆಯಿಂದ ನೋಡಿದರು. "ಜ್ವಾಳ ಎರಡ್ ಎಲಿ ಬಿಟ್ಟಿತ್ತಲ್ರಿ ಸಾಹೇಬ್ರ. ಮಂದಿ ಬೆಳಿ ಮ್ಯಾಲ ಹ್ಯಾಂಗ ಕಾಲ್ ಇಡ್ಲಿ? ತುಳದ್ರ ಮತ್ತ ಏಳ್ತದೇನು?"

ಅಂದರೆ ನಾನು ಭೀಮಾತೀರವನ್ನು ಅಳೆದಿರಲಿಲ್ಲ. ಭೀಮಾತೀರದ ಒಡ್ಡುಗಳನ್ನು ಅಳೆದಿದ್ದೆ. ನನ್ನ ತ್ರಿಕೋನಗಳ ಮೂಲೆಗಳೆಲ್ಲ ಒಡ್ಡು ಹತ್ತಿ ಕುಳಿತಿರುವಾಗ ನೀರು ಪಾಪ ಎಲ್ಲಿಂದ ಒಳಗೆ ಬರಬೇಕು? ಅವರನ್ನು ಬೈಯಲು ನನಗೆ ಯಾವ ಹಕ್ಕೂ ಇರಲಿಲ್ಲ. ನಮ್ಮ ಹಳೆಯ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಅದೂ ಕೋಲಿನ ಒಂದು ತುಂಡು ಮಾತ್ರ. ಎರಡು ತಿಂಗಳು ಅವರ ಕೈಯ ಕೋಲನ್ನು ತಲೆಕೆಳಗಾಗಿ ನೋಡಿದ್ದೆ. ನೆರಳಿನಿಂದೆದ್ದು ಹತ್ತು ಮಾರು ನಡೆದು ಅವರ ಕಾಲು ಎಲ್ಲಿದೆಯೆಂದು ಒಮ್ಮೆಯೂ ನೋಡಿರಲಿಲ್ಲ. ತಾಳೆ ನೋಡಿದಾಗ ಸಿಕ್ಕಿಬೀಳುವುದು ಉಪಕರಣದ ತಪ್ಪು. ನಡುವೆ ನಿಂತ ಮನುಷ್ಯನ ಒಳ್ಳೆಯತನ ಅದರಲ್ಲಿ ಸಿಕ್ಕಿಬೀಳುವುದಿಲ್ಲ.

ಮತ್ತೆ ಅಳೆದೆವು. ಈ ಸಲ ಮೌಲಾಸಾಬರು ಹೊಲಕ್ಕಿಳಿದರು, ನಾನೂ ಇಳಿದೆ. ಹೊಸ ಅಂಕಿ ಕೊಟ್ಟು ಲೆಕ್ಕ ಓಡಿಸಿದ ದಿನ ನೀರು ಮೆಲ್ಲಗೆ ದಂಡೆ ದಾಟಿ, ಹೊಲ ಹೊಕ್ಕು, ಬೇವಿನ ಮರವನ್ನು ತೊಡೆಮಟ್ಟಕ್ಕೆ ಮುಟ್ಟಿ ನಿಂತಿತು. ನೆರೆ ಬಂತೆಂದು ಕುಣಿದಾಡಿದವನು ನಮ್ಮ ಇಲಾಖೆಯಲ್ಲಿ ನಾನೊಬ್ಬನೇ ಇರಬೇಕು. ಶಾಲೆ ಊರ ಹಿಂದಿನ ದಿಬ್ಬ ಹತ್ತಿತು. ಮೂರನೆಯ ಮಳೆಗಾಲದಲ್ಲಿ ಗುರುಬಾಯಿ ಟೀಚರ್ ಕಾರ್ಡು ಬರೆದರು: "ನೀರು ನಿಮ್ಮ ನಕ್ಷೆ ನೋಡಿಕೊಂಡೇ ಬಂದ ಹಾಗೆ ಬಂದು ಹೋಯಿತು. ಶಾಲೆಯ ಮೆಟ್ಟಿಲು ಒದ್ದೆಯಾಗಲಿಲ್ಲ." ಆ ಕಾರ್ಡು ಇನ್ನೂ ನನ್ನ ಅಂಗಿಯ ಜೇಬಿನಲ್ಲಿದೆ, ಅಂಗಿ ಬದಲಾದರೆ ಅದೂ ಜೇಬು ಬದಲಿಸುತ್ತದೆ.

ಅದನ್ನು ತೋರಿಸಲೆಂದೇ ಕಳೆದ ವಾರ ಮೌಲಾಸಾಬರನ್ನು ಊಟಕ್ಕೆ ಕರೆದೆ. ಅವರು ಕೈ ತೊಳೆದ ನೀರು, ಅತಿಥಿಯೆಂಬ ದಾಕ್ಷಿಣ್ಯವೂ ಇಲ್ಲದೆ, ಅವರ ತಟ್ಟೆಯ ಕಡೆಗೇ ಹೊರಟಿತು. ಹೆಂಡತಿ ಬಚ್ಚಲಿನ ಕಥೆಯನ್ನೆಲ್ಲ ಹೇಳಿ ಮುಗಿಸಿದಳು. ಮೌಲಾಸಾಬರು ಬಚ್ಚಲನ್ನು ನೋಡಿದರು, ನನ್ನನ್ನು ನೋಡಿದರು.

"ಸಾಹೇಬ್ರ, ಅಳತಿ ಪಟ್ಟಿ ಎಲ್ಲಿ ನಿಂದ್ರಿಸಿದ್ರಿ?"

ನನಗೆ ಒಮ್ಮೆಲೆ ನೆನಪಾಯಿತು. ಒಲೆಯ ಬದಿಯಲ್ಲಿ ಅವತ್ತು ಗಿಲಾವಿನ ಗಾರೆ ಇನ್ನೂ ಹಸಿಯಿತ್ತು. ಕಾಲಿಗೆ ಕೆಸರಾಗದಿರಲೆಂದು ಒಂದು ಇಟ್ಟಿಗೆ ಇಟ್ಟುಕೊಂಡು, ಅದರ ಮೇಲೆ ನಿಂತು, ಪಟ್ಟಿಯನ್ನೂ ಅದರ ಮೇಲೆಯೇ ನಿಲ್ಲಿಸಿ, ಆ ಬದಿ ಮೊದಲೇ ಎತ್ತರವಿದೆಯೆಂದು ಬರೆದುಕೊಂಡಿದ್ದೆ.

ಮೌಲಾಸಾಬರು ಒಡ್ಡು ಹತ್ತಿದ್ದು ಮಂದಿಯ ಬೆಳೆ ಉಳಿಸಲು. ನಾನು ಇಟ್ಟಿಗೆ ಹತ್ತಿದ್ದು ನನ್ನ ಹೊಸ ಚಪ್ಪಲಿ ಉಳಿಸಲು. ನಾಳೆ ಗೌಂಡಿ ಬರುತ್ತಾನೆ. ಚಪ್ಪಲಿಯನ್ನು ಹೆಂಡತಿ ಇವತ್ತೇ ತೆಗೆದು ಅಟ್ಟಕ್ಕೆ ಹಾಕಿದ್ದಾಳೆ.